ಕಡಿಮೆ ಹೇಳುವ ಬದಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಒಮಾನಿನಲ್ಲಿ ನಾವು ಇಟ್ಟುಕೊಂಡಿದ್ದ ಪುಟ್ಟ ಕಾರು ಬೆಳ್ಳಿ ಬಣ್ಣದ್ದೆಂದು ನನ್ನ ನೆನಪು, ಬಿಳಿಯದೆಂದು ಮಗಳ ವಾದ. ಹುಡುಕಿದಾಗ ಸಿಕ್ಕ ಒಂದೇ ಫೋಟೋದಲ್ಲಿ ಕಾರಿನ ಒಂದು ಮೂಲೆಯಷ್ಟೇ ಇದೆ, ಅದೂ ಧೂಳು ಮೆತ್ತಿಕೊಂಡು ಯಾವ ಬಣ್ಣವೂ ಅಲ್ಲದ್ದಾಗಿದೆ. ಇತಿಹಾಸ ಓದಿದವಳು ನಾನು. ಬರೆದಿಟ್ಟದ್ದನ್ನೂ ಪೂರ್ತಿ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೇನೆ. ಆದರೂ ಆ ಕಾಲದ ಡೈರಿಯನ್ನು ಮುಂದಿಟ್ಟುಕೊಂಡೇ ಕೂತಿದ್ದೇನೆ, ಬೇರೆ ಸಾಕ್ಷಿ ನನ್ನಲ್ಲಿಲ್ಲ.

ಕಳೆದ ತಿಂಗಳು, ಮಸ್ಕತ್ತಿನ ಅಲ್ ಮಬೇಲಾದಲ್ಲಿ ನಾವಿದ್ದ ಹಳೆಯ ಬಿಲ್ಡಿಂಗಿನವರ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಕೆಳಮನೆಯ ನೆರೆಯವರೊಬ್ಬರು ತೀರಿಕೊಂಡ ಸುದ್ದಿ ಬಂತು. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಅರ್ಧ ಜನಕ್ಕೆ ಅವರ ನಿಜವಾದ ಹೆಸರು ಗೊತ್ತಾದದ್ದೇ ಆಗ ಇರಬೇಕು. ಬಿಲ್ಡಿಂಗಿನಲ್ಲಿ ಅವರು ಎಲ್ಲರಿಗೂ ಉಸ್ತಾದ್, ಎಂದರೆ ಗುರು. ಘಾಲಾದ ಗ್ಯಾರೇಜಿನ ಪಠಾಣ ಮೆಕ್ಯಾನಿಕ್‌ಗಳು ಇಟ್ಟ ಹೆಸರು ಅವರ ಹಿಂದೆಯೇ ಮನೆತನಕ ಬಂದಿತ್ತು. ನಾನೊಬ್ಬಳು ಮಾತ್ರ ‘ಅಣ್ಣ’ ಎನ್ನುತ್ತಿದ್ದೆ. ಅವರು ನನ್ನನ್ನು ‘ಟೀಚರೇ’ ಎನ್ನುತ್ತಿದ್ದರು. ಮೂಲ್ಕಿ ಕಡೆಯವರು. ಮನೆಮಾತು ತುಳು, ನಮ್ಮೊಂದಿಗೆ ಕನ್ನಡ, ಗ್ಯಾರೇಜಿನಲ್ಲಿ ಹಿಂದಿ, ಬಿಲ್ಡಿಂಗಿನ ಮಾಲಿಕರಾದ ಮುದುಕರೊಂದಿಗೆ ಒಂದು ಬಗೆಯ ಅರಬ್ಬಿ. ನಾಲ್ಕನ್ನೂ ಒಂದೇ ರಾಗದಲ್ಲಿ ಮಾತಾಡುತ್ತಿದ್ದರು, ಅರಬ್ಬಿಯ ‘ಯಲ್ಲಾ’ (ನಡೀರಿ), ‘ಖಲಾಸ್’ (ಮುಗೀತು) ಎಲ್ಲದರಲ್ಲೂ ಬರುತ್ತಿದ್ದವು.

ಎಣ್ಣೆಯ ಬೆಲೆ ಬಿದ್ದ ವರ್ಷಗಳವು. ನನ್ನ ಗಂಡ ಕೆಲಸ ಮಾಡುತ್ತಿದ್ದುದು ಎಣ್ಣೆ ಬಾವಿಗಳಿಗೆ ಜನ, ಬಸ್ಸು, ಯಂತ್ರಗಳನ್ನು ಒದಗಿಸುವ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ. ಘಾಲಾದ ಗ್ಯಾರೇಜೂ ಅದೇ ಕಂಪನಿಯದು. ಉಸ್ತಾದ್ ಅಲ್ಲಿ ಫೋರ್‌ಮನ್. ಹೀಗೆ ಇಬ್ಬರೂ ಒಂದೇ ಕಡೆಯ ಸಂಬಳದವರಾದರೂ ಒಬ್ಬರು ಹವಾನಿಯಂತ್ರಿತ ಕೋಣೆಯವರು, ಇನ್ನೊಬ್ಬರು ತಗಡಿನ ಛಾವಣಿಯವರು. ಕಂಪನಿಗಳು ಕೆಲಸದಿಂದ ತೆಗೆಯುವವರ ಪಟ್ಟಿ ಮಾಡುತ್ತಿದ್ದವು, ಪ್ರತಿ ತಿಂಗಳೂ ಯಾರೋ ಒಬ್ಬರು ಊರಿಗೆ ಹೊರಡುತ್ತಿದ್ದರು. ಬಿಲ್ಡಿಂಗಿನ ಕೆಳಗೆ ಸೋಫಾ, ವಾಷಿಂಗ್ ಮೆಷಿನ್, ಮಕ್ಕಳ ಸೈಕಲ್ಲುಗಳು ಮಾರಾಟಕ್ಕೆ ನಿಂತಿರುತ್ತಿದ್ದವು. ಹಾಗೆ ಹೊರಟ ಒಂದು ಸಂಸಾರದಿಂದಲೇ ನಾವು ಆ ಕಾರನ್ನು ಕೊಂಡೆವು. ದೂರದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನನ್ನ ಶಾಲೆಯವರು ಖರ್ಚು ಉಳಿಸಲು ಟೀಚರುಗಳ ವ್ಯಾನ್ ನಿಲ್ಲಿಸಿದ್ದರು. ಕಾರು ನಿಂತರೆ ನನ್ನ ಕೆಲಸ ನಿಂತಂತೆ.

ಕಾರು ಎಣ್ಣೆ ಕುಡಿಯುತ್ತಿತ್ತು. ಕೆಳಗೆ ಒಂದು ಹನಿ ಸೋರದೆ, ಹೊಗೆಯನ್ನೂ ತೋರಿಸದೆ, ಎರಡು ವಾರದಲ್ಲಿ ಅರ್ಧ ಲೀಟರ್ ಇಂಜಿನ್ ಆಯಿಲ್ ಎಲ್ಲಿಗೋ ಹೋಗುತ್ತಿತ್ತು. ಆದ್ದರಿಂದ ಆಗಾಗ ಅಳತೆ ನೋಡಬೇಕು. ನನ್ನ ಗಂಡನಿಗೆ ಬಾನೆಟ್ ತೆರೆಯುವ ಹಿಡಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು, ಮುಂದಿನದು ಗೊತ್ತಿರಲಿಲ್ಲ. ಆ ಕಾರಿನ ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಳ್ಳಗಿನ, ಬಳುಕುವ ಉಕ್ಕಿನ ಪಟ್ಟಿ. ತುದಿಯಲ್ಲಿ ಸಾಸಿವೆ ಗಾತ್ರದ ಎರಡು ತೂತುಗಳು, ಎಣ್ಣೆ ಅವೆರಡರ ನಡುವೆ ನಿಂತಿರಬೇಕು. ಆದರೆ ಕಡ್ಡಿ ಇಳಿಯುವ ಕೊಳವೆ ಸೊಟ್ಟಗಿತ್ತು. ಎಳೆಯುವಾಗ ಕಡ್ಡಿ ಅದರ ಗೋಡೆಗೆ ಸವರಿಕೊಂಡು ಮೇಲಿನವರೆಗೆ ಒದ್ದೆಯಾಗಿ ಬರುತ್ತಿತ್ತು. ಒಂದು ಬದಿ ನೋಡಿದರೆ ತುಂಬಿದೆ, ತಿರುಗಿಸಿದರೆ ಖಾಲಿ. ಹೊಸ ಎಣ್ಣೆಯಾದರೆ ನೀರಿನ ಹಾಗೆ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಿಸಿಲು ಬಿದ್ದರೆ ಉಕ್ಕೇ ಹೊಳೆದು ಎಲ್ಲವೂ ಎಣ್ಣೆ.

ಹಾಗೆ ಒಂದು ಬೆಳಿಗ್ಗೆ ಕಡ್ಡಿ ಹಿಡಿದು ನಿಂತಿದ್ದಾಗ ಉಸ್ತಾದ್ ಹಲ್ಲುಜ್ಜುತ್ತ ಹೊರಗೆ ಬಂದರು. ನೆಲದ ಅಂತಸ್ತಿನಲ್ಲಿ ಊರ ಕಡೆಯ ಇನ್ನಿಬ್ಬರ ಜೊತೆ ಇದ್ದರು. ಹೆಂಡತಿ, ಮಗಳು ಮೂಲ್ಕಿಯಲ್ಲಿ.

“ಎಂತ ಟೀಚರೇ, ಕಡ್ಡಿಯಲ್ಲಿ ಎಂತ ಬರ್ದಿದೆ? ಅರ್ಧ ಗಂಟೆಯಿಂದ ಓದ್ತಾ ಇದ್ದೀರಿ!”

“ಏನೂ ಗೊತ್ತಾಗ್ತಿಲ್ಲ ಅಣ್ಣ. ಈ ಕಡೆ ಫುಲ್ ಅನ್ನತ್ತೆ, ಆ ಕಡೆ ಇಲ್ವೇ ಇಲ್ಲ ಅನ್ನತ್ತೆ.”

“ಎರಡು ಬದಿ ಎರಡು ಹೇಳಿದ್ರೆ, ಕಡಿಮೆ ಹೇಳುವ ಬದಿಯನ್ನು ನಂಬಿ. ಜಾಸ್ತಿ ಹೇಳುವುದು ಕೊಳವೆಯ ಬೊಗಳೆ.” ಬಾಯಿಯ ನೊರೆ ಉಗಿದು ಬಂದು ಮುಂದುವರಿಸಿದರು. “ದೇಶದ ಎಣ್ಣೆ ಇಳಿದದ್ದು ಪೇಪರಿನಲ್ಲಿ ಬರ್ತದೆ. ನಿಮ್ಮದು ಇಳಿದದ್ದು ಪೇಪರಿನಲ್ಲಿ ಬರುದಿಲ್ಲ ಮಾರಾಯ್ರೆ, ನಿಮಗೇ ಗೊತ್ತಾಗ್ಬೇಕು.”

ಅವರ ಪಾಠ ಶುರುವಾದದ್ದು ಹಾಗೆ. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ, ಕೀಲಿ ತಿರುಗಿಸುವ ಮೊದಲು ನೋಡಬೇಕು. ಕಡ್ಡಿ ಎಳೆದು, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಕೂಡಲೇ ತುರುಕದೆ ಒಂದು ನಿಮಿಷ ಹೊರಗೇ ಹಿಡಿದಿರಬೇಕು. “ಅದಕ್ಕೂ ಸ್ವಲ್ಪ ಉಸಿರು ಬಿಡ್ಲಿಕ್ಕೆ ಕೊಡಿ” ಎನ್ನುತ್ತಿದ್ದರು. ಆಮೇಲೆ ಇಳಿಸಿ, ಎಳೆದು, ಅಡ್ಡ ಹಿಡಿದು ನೋಡಬೇಕು. ನೆಲ ಸಮ ಇರಬೇಕು, ಇದು ಮುಖ್ಯ. ನಮ್ಮ ಅಂಗಳವೋ ಮಳೆನೀರು ಹರಿದುಹೋಗಲೆಂದು ಹಿಂದಕ್ಕೆ ಇಳಿಜಾರು. ಅವರು ಹಿಂದೆಂದೋ ಒಂದು ಊಟದ ತಟ್ಟೆಯಲ್ಲಿ ನೀರು ತುಂಬಿಸಿ, ಅಂಗಳದ ತುಂಬ ಇಟ್ಟು ಇಟ್ಟು ನೋಡಿ, ಒಂದೇ ಒಂದು ಕಾರು ಹಿಡಿಸುವಷ್ಟು ಸಮ ಜಾಗ ಕಂಡುಹಿಡಿದು, ಅಲ್ಲಿ ಎರಡು ಹಳದಿ ಪಟ್ಟೆ ಬಳಿದಿದ್ದರು. ಯಾರೂ ಅಲ್ಲಿ ಕಾರು ನಿಲ್ಲಿಸಿ ಮನೆಗೆ ಹೋಗುವಂತಿರಲಿಲ್ಲ. ಎಣ್ಣೆ ನೋಡುವವರು ಹಿಂದಿನ ಸಂಜೆ ನಿಲ್ಲಿಸಬೇಕು, ಬೆಳಿಗ್ಗೆ ನೋಡಿ ತೆರವು ಮಾಡಬೇಕು. ಹೊಸದಾಗಿ ಬಂದ ಒಬ್ಬರು ನೆರಳಿದೆ ಎಂದು ದಿನವೂ ಅಲ್ಲೇ ನಿಲ್ಲಿಸತೊಡಗಿದಾಗ ಬಿಲ್ಡಿಂಗಿನ ಮಾಲಿಕರೇ ಬಂದು, ಕೋಲಿನಿಂದ ಪಟ್ಟೆ ತೋರಿಸಿ, “ಇದು ಉಸ್ತಾದನದು, ಖಲಾಸ್” ಎಂದು ಹೇಳಿಹೋಗಿದ್ದರು.

ಇಷ್ಟಾದರೂ ಕಡ್ಡಿಯ ಮೇಲೆ ಎಣ್ಣೆ ನಿಂತ ಗೆರೆ ನನಗೆ ಕಾಣುತ್ತಿರಲಿಲ್ಲ. ಆಗ ಅವರು ಕಾಗದದ ಉಪಾಯ ಹೇಳಿಕೊಟ್ಟರು. ಕಡ್ಡಿಯ ತುದಿಯನ್ನು ಕಾಗದದ ಮೇಲೆ ಒತ್ತಬೇಕು, ಎರಡೂ ಬದಿ. ಎಣ್ಣೆ ಹೀರಿಕೊಂಡು ಅದರ ಎತ್ತರ ಸ್ಪಷ್ಟವಾಗಿ ಮೂಡುತ್ತದೆ. ಕೈಗೆ ಸಿಕ್ಕ ಕಾಗದವೆಂದರೆ ಶಾಲೆಯ ಚೀಲದಲ್ಲಿದ್ದ ಡೈರಿ. ಅದರ ಹಿಂದಿನ ಹಾಳೆಗಳಲ್ಲಿ ಈಗಲೂ ಸಾಲಾಗಿ ಆ ಕಲೆಗಳಿವೆ, ಪಕ್ಕದಲ್ಲಿ ತಾರೀಖು. ಆ ವರ್ಷದ ಬಗ್ಗೆ ನಾನು ಬರೆದ ಮಾತುಗಳಲ್ಲಿ ಎಷ್ಟು ನಿಜವೋ ಹೇಳಲಾರೆ. ಆ ಕಲೆಗಳು ಮಾತ್ರ ನಿಜ.

ಅವರೊಂದು ರೂಢಿ ಇಟ್ಟುಕೊಂಡಿದ್ದರು. ನನ್ನ ಕಾರನ್ನು ಅವರು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು.

“ಎಷ್ಟು ಕಾಣ್ತದೆ, ಹೇಳಿ.”

“ಎರಡು ತೂತಿನ ಮಧ್ಯಕ್ಕಿಂತ ಸ್ವಲ್ಪ ಕೆಳಗೆ.”

“ಹಾಂ, ಸರಿ. ಈಚೆ ಬದಿ?”

“ಇದೂ ಅಷ್ಟೇ.”

“ಸಮ ಉಂಟು. ಯಲ್ಲಾ, ಹೊರಡಿ. ಶಾಲೆಗೆ ಲೇಟ್ ಆದ್ರೆ ಮಕ್ಕಳಿಗೆ ಖುಷಿ ಆಗ್ತದೆ.”

ಇಷ್ಟು ದೊಡ್ಡ ಫೋರ್‌ಮನ್ ಒಂದು ಸಲ ಬಗ್ಗಿ ನೋಡಬಾರದೇ ಎಂದು ನಾನು ಕೇಳಿದ್ದುಂಟು. “ನಾನು ನೋಡಿ ಕೊಟ್ರೆ ನಾನು ಇರುವವರೆಗೆ ಮಾತ್ರ. ನೀವು ನೋಡ್ಲಿಕ್ಕೆ ಕಲಿತ್ರೆ ಕಾರು ಇರುವವರೆಗೆ” ಎಂದಿದ್ದರು. ನಾನೂ ಟೀಚರ್ ಆದ್ದರಿಂದ ಆ ಮಾತು ಬಹಳ ಹಿಡಿಸಿ ಶಾಲೆಯ ಸ್ಟಾಫ್ ರೂಮಿನಲ್ಲೂ ಹೇಳಿದ್ದೆ.

ಅವರಿಗೆ ಕಿವಿಯಿತ್ತು. ಮೂರನೇ ಮಹಡಿಯವರ ಕಾರು ಗೇಟು ದಾಟುವ ಮೊದಲೇ, “ಇದರ ಬೆಲ್ಟ್ ಈ ವಾರ ಹೋಗ್ತದೆ” ಎಂದು ಒಳಗಿಂದಲೇ ಕೂಗುತ್ತಿದ್ದರು. ಬೆರಳೂ ಇತ್ತು. ಎಣ್ಣೆಯ ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಎಷ್ಟು ದಿನ ಓಡಿದ ಎಣ್ಣೆ, ಯಾವಾಗ ಬದಲಿಸಬೇಕು ಎಂದು ಹೇಳುತ್ತಿದ್ದರು. ಒಮ್ಮೆ ನಾನು ಬೇಕೆಂದೇ ಅವರ ಬೆರಳಿಗೆ ಕೆಳಗಿನ ಅಂಗಡಿಯ ಎಳ್ಳೆಣ್ಣೆ ತೊಟ್ಟಿಕ್ಕಿದೆ. ಉಜ್ಜಿ ನೋಡಿ, “ಟೀಚರೇ, ಇದನ್ನು ಇಂಜಿನಿಗೆ ಹಾಕ್ಬೇಡಿ, ಉಪ್ಪಿನಕಾಯಿಗೆ ಹಾಕಿ” ಎಂದು ಒಂದಿಷ್ಟೂ ನಗದೆ ಹೇಳಿದರು.

ಅವರ ಮಗಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಅವಳ ಮೆಸೇಜು ಬಂದರೆ ಫೋನನ್ನು ನನ್ನ ಕೈಗೇ ಕೊಡುತ್ತಿದ್ದರು. “ಕನ್ನಡಕ ಗ್ಯಾರೇಜಿನಲ್ಲಿ ಬಿಟ್ಟು ಬಂದೆ, ಸ್ವಲ್ಪ ಓದಿ.” ಓದುತ್ತಿದ್ದೆ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡದಲ್ಲಿ ಹೇಳಿದರೆ ಅವರು ತುಳುವಿನಲ್ಲಿ ನಗುತ್ತಿದ್ದರು. ಒಂದು ವರ್ಷದಲ್ಲಿ ಅವರ ಮೂಗಿನ ಮೇಲೆ ಕನ್ನಡಕವನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ.

ಇನ್ನು ಆ ಶುಕ್ರವಾರ. ಕೋಟೆ ನೋಡಲು ನಿಜ್ವಾಕ್ಕೆ ಹೊರಟಿದ್ದೆವು. ಗಂಡ ಮೇಲೆ ಮನೆಯಲ್ಲಿ ಮಗಳಿಗೆ ತಲೆ ಬಾಚುತ್ತಿದ್ದರು. ನಾನು ಕೆಳಗೆ ಬಂದು, ಹಳದಿ ಪಟ್ಟೆಯ ಮೇಲೆ ನಿಂತಿದ್ದ ಕಾರಿನ ಬಾನೆಟ್ ಎತ್ತಿದೆ. ಉಸ್ತಾದ್ ಬಾಗಿಲಲ್ಲೇ ಕೂತು ತಲೆಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಪ್ರತಿ ಶುಕ್ರವಾರ ಎಣ್ಣೆ ಹಚ್ಚಿ ಮೀಯುವುದು ಅವರ ಪದ್ಧತಿ. ನಾನು ಕಡ್ಡಿ ಎಳೆಯುವಷ್ಟರಲ್ಲಿ ಮಗಳು ಮೇಲಿನಿಂದ ಏನೋ ಕೂಗಿದಳು. ತಲೆಯೆತ್ತಿ ಉತ್ತರ ಕೊಡುತ್ತ, ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಆಕಾಶಕ್ಕೆ ಹಿಡಿದರು. ಬೆರಳಲ್ಲಿ ತುದಿ ಹಿಡಿದು ಉಜ್ಜಿದರು.

“ಸಮ ಉಂಟು. ಯಲ್ಲಾ, ಹೊರಡಿ.”

ನಾನು ಕಡ್ಡಿ ವಾಪಸು ತೆಗೆದುಕೊಂಡು ಒರೆಸಿ, ಅಭ್ಯಾಸಬಲದಿಂದ ಮತ್ತೊಮ್ಮೆ ಇಳಿಸಿ, ಎಳೆದು, ಡೈರಿಯ ಹಾಳೆಗೆ ಒತ್ತಿದೆ. ಏನೂ ಮೂಡಲಿಲ್ಲ. ತಿರುಗಿಸಿ ಒತ್ತಿದೆ, ಆಗಲೂ ಇಲ್ಲ. ಕಡ್ಡಿ ಒಣಗಿತ್ತು. ಅವರ ಬೆರಳಿಗೆ ಹತ್ತಿದ್ದು ಅವರದೇ ತಲೆಯ ತೆಂಗಿನೆಣ್ಣೆ.

“ಅಣ್ಣ! ಇದರಲ್ಲಿ ಒಂದು ತೊಟ್ಟೂ ಇಲ್ಲ!” ಎಂದು ನಾನು ಜೋರಾಗಿ ನಕ್ಕೆ.

ಅವರು ನಗಲಿಲ್ಲ. ಒಳಗೆ ಹೋಗಿ ಕೈಯನ್ನು ಸೋಪು ಹಾಕಿ ತೊಳೆದುಕೊಂಡು, ಒಂದು ಲೀಟರಿನ ಡಬ್ಬಿ ತಂದರು. ಮೊದಲ ಸಲ ತಾವೇ ಸುರಿದರು. ಸ್ವಲ್ಪ ಹೊರಗೂ ಚೆಲ್ಲಿತು.

ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ. ಅವರು ನನಗೆ ಹೇಳಿದ ಮಾತು ಅಕ್ಷರಶಃ ನೆನಪಿದೆ. ಯಾವಾಗ ಹೇಳಿದರು ಎಂಬುದು ನೆನಪಿಲ್ಲ.

“ಟೀಚರೇ, ಎರಡು ವರ್ಷ ಆಯ್ತು ನನಗೆ ಆ ಗೆರೆ ಕಾಣದೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಗ್ಯಾರೇಜಿನಲ್ಲಿ ಆ ಪೇಶಾವರದ ಮೆಕ್ಯಾನಿಕ್ ನೋಡಿ ಹೇಳ್ತಾನೆ, ನಾನು ಸೈನ್ ಹಾಕ್ತೇನೆ. ಒಳ್ಳೆ ಮನುಷ್ಯ, ಅವನ ಮೇಲೆ ನನಗೆ ಡೌಟ್ ಇಲ್ಲ.”

“ಆಪರೇಷನ್ ಮಾಡಿಸ್ಕೊಳ್ಳಿ ಅಣ್ಣ. ಈಗ ಅದೇನು ದೊಡ್ಡದಾ?”

“ದೊಡ್ಡದಲ್ಲ. ಆದ್ರೆ ಈಗ ಕಣ್ಣಿಗೆ ಅಂತ ರಜೆ ಕೇಳಿದ್ರೆ ಸೀದಾ ವಿಮಾನದ ಟಿಕೆಟ್ ಕೈಗೆ ಕೊಡ್ತಾರೆ, ಒಂದೇ ಬದಿಯದ್ದು. ಐದು ತಿಂಗಳಿಗೆ ನನ್ನ ವಾರ್ಷಿಕ ರಜೆ ಬರ್ತದೆ. ಊರಿಗೆ ಹೋಗಿ ಸುಮ್ಮನೆ ಮಾಡಿಸಿ ಬರ್ತೇನೆ. ಮಗಳದ್ದೂ ಅಷ್ಟರಲ್ಲಿ ಮುಗೀತದೆ. ಐದೇ ತಿಂಗಳು ಟೀಚರೇ.”

ಯಾರಿಗೂ ಹೇಳಬೇಡಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಒಂದು ನೆನಪಿನಲ್ಲಿ ಇದು ಅದೇ ಶುಕ್ರವಾರ, ಡಬ್ಬಿಯ ಮುಚ್ಚಳ ತಿರುಗಿಸುತ್ತ ಹೇಳಿದ್ದು. ಇನ್ನೊಂದರಲ್ಲಿ ಕೆಲವು ದಿನಗಳ ನಂತರ, ಸಂಜೆ, ಅವರ ಬಾಗಿಲ ಮೆಟ್ಟಿಲ ಮೇಲೆ. ಮಾತಿನ ಜೊತೆ ತೆಂಗಿನೆಣ್ಣೆಯ ವಾಸನೆ ಸೇರಿಕೊಂಡಿದೆ, ಆದ್ದರಿಂದ ಶುಕ್ರವಾರವೇ ಇರಬೇಕು. ಆದರೆ ಅವರ ನೆನಪು ಯಾವಾಗ ಬಂದರೂ ಆ ವಾಸನೆ ಜೊತೆಯಲ್ಲೇ ಬರುತ್ತದೆ, ಅದನ್ನು ಸಾಕ್ಷಿ ಎನ್ನಲಾಗದು. ಡೈರಿಯಲ್ಲಿ ಆ ದಿನದ ತಾರೀಖಿದೆ, ಪಕ್ಕದಲ್ಲಿ ಖಾಲಿ ಜಾಗ. ದಿನಚರಿಯ ಭಾಗದಲ್ಲಿ ನಿಜ್ವಾದ ಕೋಟೆಯ ಬಗ್ಗೆ ಎರಡು ಪುಟ ಬರೆದಿದ್ದೇನೆ, ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇದೇಕೆ ಮುಖ್ಯ ಎಂದರೆ, ಶುಕ್ರವಾರವೇ ಹೇಳಿದ್ದರೆ ನಾನು ಗುಟ್ಟೆಂದು ಗೊತ್ತಿದ್ದೂ ಬಾಯಿಬಿಟ್ಟಂತಾಯಿತು. ಅವತ್ತೇ ನಿಜ್ವಾದಲ್ಲಿ ಖರ್ಜೂರದ ಮರದ ಕೆಳಗೆ ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತಾಗ ನಾನು ಗಂಡನಿಗೆ ಒಣ ಕಡ್ಡಿಯ ಕಥೆ ಹೇಳಿದೆ. ಉಸ್ತಾದರ ರಾಗವನ್ನೇ ಅನುಕರಿಸಿ, “ಸಮ ಉಂಟು, ಯಲ್ಲಾ ಹೊರಡಿ” ಎಂದು ಹೇಳಿ ನಗಿಸಲು ನೋಡಿದೆ. ಮಗಳು ನಕ್ಕಳು. ಗಂಡ ನಗಲಿಲ್ಲ.

“ಅವ್ರಿಗೆ ಕಣ್ಣು ಕಾಣಲ್ವಾ?” ಎಂದರು.

ನಾನು ಏನು ಹೇಳಿದೆ? ಹೌದಂತೆ, ಪೊರೆಯಂತೆ ಎಂದೆನೋ, ಇರಬಹುದು ಎಂದೆನೋ. ಆಮೇಲೆ ಗಂಡ ಕೇಳಿದ್ದು ಮಾತ್ರ ಸರಿಯಾಗಿ ನೆನಪಿದೆ.

“ಸೈಟಿಗೆ ಜನ ಕರ್ಕೊಂಡು ಹೋಗೋ ಬಸ್ಸುಗಳಿಗೆ ಸರ್ವಿಸ್ ಆದ್ಮೇಲೆ ಸಹಿ ಹಾಕೋದು ಅವ್ರೇ ಅಲ್ವಾ?”

ಈ ಪ್ರಶ್ನೆ ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಒಂದು ಬಸ್ಸಿನಲ್ಲಿ ನಲವತ್ತು ಜನ, ಮರುಭೂಮಿಯ ದಾರಿ. ಪೇಶಾವರದವನ ಕಣ್ಣು ಒಳ್ಳೆಯದೇ ಇರಬಹುದು, ಆದರೆ ಸಹಿ ಅವನದಲ್ಲವಲ್ಲ. ಹಾಗೆಂದು ಇಪ್ಪತ್ತಾರು ವರ್ಷ ಆ ಗ್ಯಾರೇಜಿನಿಂದ ಹೊರಟ ಒಂದು ಬಸ್ಸೂ ದಾರಿಯಲ್ಲಿ ಕೆಟ್ಟು ನಿಂತದ್ದಿಲ್ಲ ಎಂಬ ಉಸ್ತಾದರ ಹೆಮ್ಮೆ ಸುಳ್ಳಾಗಿರಲಿಲ್ಲ. ಕಡಿಮೆ ಹೇಳುವ ಬದಿಯನ್ನು ನಂಬಬೇಕೆಂದರೆ, ಇಲ್ಲಿ ಯಾವ ಬದಿ ಕಡಿಮೆ ಹೇಳುತ್ತಿದೆ ಎಂಬುದೇ ನನಗೆ ಗೊತ್ತಾಗುವುದಿಲ್ಲ.

ಮೂರು ವಾರವೋ ನಾಲ್ಕು ವಾರವೋ ಕಳೆದ ಮೇಲೆ ಗ್ಯಾರೇಜಿನಲ್ಲಿ ಉಸ್ತಾದರೊಬ್ಬರಿಗೆ ಮಾತ್ರ ಕಣ್ಣಿನ ಪರೀಕ್ಷೆಯ ರಿಪೋರ್ಟ್ ತರಲು ಹೇಳಿದರು. ಕೆಲಸದಿಂದ ತೆಗೆಯುವವರ ಮುಂದಿನ ಪಟ್ಟಿಯಲ್ಲಿ ಅವರ ಹೆಸರಿತ್ತು. ಪಟ್ಟಿ ಮಾಡುವವರು ನನ್ನ ಗಂಡನ ಮೇಲಧಿಕಾರಿ. ಅವರು ಕೇಳಿದ ಕಡತಗಳನ್ನು ಒದಗಿಸುವವರು ಇವರು. ಆ ಪಟ್ಟಿಯಲ್ಲಿ ಇವರ ವಿಭಾಗದಿಂದಲೂ ಇಬ್ಬರು ಹೋದರು. ಇವರು ಉಳಿದರು. ನಾವು ಇನ್ನೂ ಮೂರು ವರ್ಷ ಅಲ್ಲಿದ್ದೆವು.

“ಇಷ್ಟು ವರ್ಷದಲ್ಲಿ ಕಂಪನಿ ನನ್ನ ಕಣ್ಣು ನೋಡಿದ್ದು ಇದೇ ಫಸ್ಟ್” ಎಂದು ಉಸ್ತಾದ್ ಅಂಗಳದಲ್ಲಿ ಎಲ್ಲರೆದುರು ಹೇಳಿ ನಕ್ಕರು. “ಮದುವೆಗೆ ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ, ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದ್ರು ಮಾರಾಯ್ರೆ.” ಯಾರು ಹೇಳಿರಬಹುದು ಎಂದು ಮೇಲಿನ ಮಹಡಿಯವರು ಕೇಳಿದರು. “ಯಾರಾದ್ರೂ ಹೇಳಿಯಾರು. ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ” ಎಂದುಬಿಟ್ಟರು. ನಾನು ಅವರ ಮುಖ ನೋಡಿದೆ. ಅವರೂ ನನ್ನ ಕಡೆ ನೋಡಿದರು ಎಂದು ಹೇಳುವಂತಿಲ್ಲ. ಅಷ್ಟು ದೂರದಿಂದ ನಾನು ಅವರಿಗೆ ಕಂಡಿರಲಾರೆ.

ಹೊರಡುವ ದಿನ ಬೆಳಿಗ್ಗೆ ಅವರು ಪಾಲಿಶ್ ಮಾಡಿದ ಶೂ ಹಾಕಿಕೊಂಡು, ಹೆಗಲಿಗೆ ಚೀಲ ಸಿಕ್ಕಿಸಿಕೊಂಡು, ಟ್ಯಾಕ್ಸಿ ಬರುವ ಮೊದಲು ನನ್ನನ್ನು ಕೂಗಿದರು. ಬಾನೆಟ್ ತೆಗೆಸಿದರು. ಕಡ್ಡಿ ಎಳೆಸಿದರು.

“ಎಷ್ಟು?”

“ಮೇಲಿನ ತೂತಿಗೆ ಕೂದಲೆಳೆ ಕೆಳಗೆ.”

“ಕಾಗದ ಇಲ್ಲದೆ ಹೇಳಿದ್ರಲ್ಲ! ಖಲಾಸ್, ಇನ್ನು ಈ ಬಿಲ್ಡಿಂಗಿಗೆ ನೀವೇ ಫೋರ್‌ಮನ್. ಪಟ್ಟೆ ಮಾಸಿದ್ರೆ ಬಣ್ಣ ಬಳೀರಿ. ಹಳದಿಯೇ ಆಗ್ಬೇಕು, ಬಿಳಿ ಆದ್ರೆ ಮುದುಕರಿಗೆ ಕಾಣುದಿಲ್ಲ.”

ಗಂಡನಿಗೆ ಹೇಳಿದವಳು ನಾನು ಎಂದು ಆಗ ಹೇಳಬಹುದಿತ್ತು. ಕೈಯಲ್ಲಿ ಕಡ್ಡಿಯಿತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು, ಒರೆಸುವ ಬಟ್ಟೆ ಹುಡುಕುತ್ತ ನಿಂತೆ. ಟ್ಯಾಕ್ಸಿ ಬಂತು.

ಊರಿಗೆ ಹೋಗಿ ಎರಡು ತಿಂಗಳೊಳಗೆ ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಫೋನ್ ಮಾಡಿದರು. “ಟೀಚರೇ, ಈಗ ತೆಂಗಿನ ಮರದ ಮೇಲೆ ಕೂತ ಕಾಗೆಯ ಕಾಲಿನ ಉಗುರು ಕಾಣ್ತದೆ! ಹೆಂಡತಿಗೆ ಇಷ್ಟು ವಯಸ್ಸಾಗಿದೆ ಅಂತ ಈಗ ಗೊತ್ತಾಯ್ತು, ಅವಳಿಗೂ ನನ್ನ ಬಗ್ಗೆ ಅದೇ ಕಂಪ್ಲೇಂಟ್.” ಹೆದ್ದಾರಿಯ ಪಕ್ಕ ಆಟೋ ರಿಪೇರಿಯ ಒಬ್ಬರ ಜೊತೆ ಸೇರಿಕೊಂಡಿದ್ದರು. ಮಗಳಿಗೆ ಮಂಗಳೂರಿನಲ್ಲೇ ಕೆಲಸ ಸಿಕ್ಕಿತ್ತು. ಆಮೇಲೆ ಪ್ರತಿ ದೀಪಾವಳಿಗೂ ಫೋನ್ ಬರುತ್ತಿತ್ತು, ಮೊದಲ ಪ್ರಶ್ನೆ ಕಾರಿನದು. ನಾವು ಕಾರು ಮಾರಿ ಮೈಸೂರಿಗೆ ಬಂದಮೇಲೂ, “ಅದನ್ನು ತಕೊಂಡವರಿಗೆ ಎಣ್ಣೆ ಕುಡಿಯುವ ವಿಷಯ ಹೇಳಿದ್ದೀರಾ ಇಲ್ವಾ?” ಎಂದು ವಿಚಾರಿಸಿಕೊಂಡರು. ಹೇಳಿದ್ದೇನೆ ಎಂದೆ. ಅದು ನಿಜ. ಅವರೊಂದಿಗೆ ಆಡಬೇಕಾಗಿದ್ದ ಇನ್ನೊಂದು ಮಾತನ್ನು ಪ್ರತಿ ದೀಪಾವಳಿಗೂ ಮುಂದಿನ ದೀಪಾವಳಿಗೆ ಇಟ್ಟುಕೊಂಡೆ.

ಅವರು ತೀರಿಕೊಂಡ ಸುದ್ದಿ ಬಂದ ದಿನ ಸಂಜೆ ನನ್ನ ಗಂಡ ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಎದುರಿಗೆ ಕೂತೆ. ಆಫೀಸಿನಲ್ಲಿ ನೀವು ಹೇಳಿದಿರಾ ಎಂದು ಕೇಳಬೇಕೆಂದು ಎಂಟು ವರ್ಷದಿಂದ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ ಪ್ರಶ್ನೆ. ಇವರು ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಕಾಯಿ ಬಿಡಿಸತೊಡಗಿದರು. ನಾನು ಕೇಳಿದ್ದು ಇಷ್ಟೇ:

“ರೀ, ನಿಜ್ವಾದಲ್ಲಿ ಅವರ ಕಣ್ಣಿನ ವಿಷಯ ನಿಮಗೆ ಹೇಳಿದೆನಲ್ಲ. ಯಾರಿಗೂ ಹೇಳ್ಬೇಡಿ ಅಂತಲೂ ಹೇಳಿದ್ದೆನಾ?”